ಅಂಕ ಇಳಿಯದ ಮನೆಯ ಖಿನ್ನತೆ

ಪ್ರಶ್ನೆ: ಅಮೆರಿಕದ ಕ್ಯುಪರ್ಟಿನೋದ ಕನ್ನಡ ಕುಟುಂಬ. 13ರ ಮಗನಿಗೆ ಎಲ್ಲ ವಿಷಯದಲ್ಲೂ ‘ಎ’. ಈಚೆಗೆ ಬರೀ ಸಿಡುಕು, ಊಟವೂ ಕೋಣೆಯಲ್ಲೇ. ಶಾಲೆಯ ಬ್ಯಾಗಿನಲ್ಲಿ ವೇಪ್ (ಇ-ಸಿಗರೇಟು) ಸಿಕ್ಕಿದೆ. ಇದು ಸಹವಾಸದೋಷವೇ, ಕಾಯಿಲೆಯೇ?

ಉತ್ತರ: ಎಳೆ ಹರೆಯದ ಖಿನ್ನತೆ ಅಳುತ್ತಲೇ ಬರಬೇಕೆಂದಿಲ್ಲ. ಈ ವಯಸ್ಸಿನಲ್ಲಿ ಅದು ಸಿಡುಕಾಗಿ, ಭಾನುವಾರ ರಾತ್ರಿಯ ಹೊಟ್ಟೆನೋವಾಗಿ, ಇಷ್ಟದ ಆಟವೂ ಬೇಡವಾಗುವ ಜಡತನವಾಗಿ ಕಾಣಿಸಬಹುದು. ಎರಡು ವಾರ ಹೀಗೇ ಇದ್ದು ನಿದ್ದೆ, ಹಸಿವು, ಗಮನ ಕೆಟ್ಟಿದ್ದರೆ ತಪಾಸಣೆ ಬೇಕು. ಒಳ್ಳೆಯ ಅಂಕ ಇದಕ್ಕೆ ಅಡ್ಡಿಯಲ್ಲ. ಹೆದರಿಕೆಯಿಂದ ಓದುವ ಮಗುವಿನ ಅಂಕ ಎಲ್ಲಕ್ಕಿಂತ ಕೊನೆಗೆ ಇಳಿಯಬಹುದು.

ಕ್ಯುಪರ್ಟಿನೋದಲ್ಲಿ ಏಷ್ಯಾ ಮೂಲದವರೇ ಹೆಚ್ಚು, ದೇಶದ ಲೆಕ್ಕದಲ್ಲಿ ಅವರು ಅಲ್ಪಸಂಖ್ಯಾತರು. 1966ರಲ್ಲಿ ಸಮಾಜಶಾಸ್ತ್ರಜ್ಞ ವಿಲಿಯಂ ಪೀಟರ್ಸನ್ ಜಪಾನಿ ಅಮೆರಿಕನ್ನರ ಬಗ್ಗೆ ಬರೆದ ಲೇಖನದಿಂದ ಹಬ್ಬಿದ ‘ಮಾದರಿ ಅಲ್ಪಸಂಖ್ಯಾತರು’ ಎಂಬ ಬಿರುದು ಈ ಮಕ್ಕಳ ಹೆಗಲಿಗೂ ಬಿದ್ದಿದೆ. ಬಿರುದು ಹೊತ್ತವರಲ್ಲಿ ಕಾಯಿಲೆ ಹುಡುಕುವವರು ಕಡಿಮೆ. ಭಾಷೆಯದೂ ಒಂದು ತೊಡಕು: ಮಗುವಿಗೆ ಬರುವ ಮನೆಮಾತಿನಲ್ಲಿ ಹೊತ್ತು ಹೋಗದಿದ್ದರೂ ‘ಬೇಜಾರು’, ಗೆಳೆಯ ದೂರವಾದರೂ ‘ಬೇಜಾರು’, ಬದುಕೇ ಬೇಡವೆನಿಸಿದರೂ ‘ಬೇಜಾರು’. ಯಾವ ಬೇಜಾರು ಎಂದು ಕೇಳಿದ ಮೇಲೇ ಗೊತ್ತಾಗುವುದು.

ವೇಪ್ ಈ ಖಿನ್ನತೆಯೊಂದಿಗೆ ಹೆಣೆದುಕೊಂಡಿರಬಹುದು. ಪೆನ್‌ಡ್ರೈವ್‌ನಂತೆ ಕಾಣುವ, ಲ್ಯಾಪ್‌ಟಾಪ್‌ಗೇ ಸಿಕ್ಕಿಸಿ ಚಾರ್ಜ್ ಮಾಡುವ, ಮಾವಿನಹಣ್ಣಿನ ವಾಸನೆಯ ವಸ್ತುವನ್ನು ಸಿಗರೇಟೆಂದು ಅಮ್ಮಂದಿರು ಗುರುತಿಸುವುದು ಕಷ್ಟ. ಒಳಗಿನ ನಿಕೋಟಿನ್ ಗಳಿಗೆಯ ಹೊತ್ತು ಮನಸ್ಸನ್ನು ಹಗುರಾಗಿಸುತ್ತದೆ. ಅದರ ಪ್ರಭಾವ ಇಳಿದಾಗ ಬರುವ ಚಡಪಡಿಕೆ ಖಿನ್ನತೆಯಂತೆಯೇ ಇರುತ್ತದೆ, ಮತ್ತೆ ಸೇದಿಸುತ್ತದೆ. ವೇಪ್‌ನಲ್ಲೇ ಸೇದಬಹುದಾದ ಗಾಂಜಾ ಕ್ಯಾಲಿಫೋರ್ನಿಯಾದಲ್ಲಿ 21 ತುಂಬಿದವರಿಗೆ ಕಾನೂನುಬದ್ಧ. ಅಂಗಡಿಯಲ್ಲಿ ಸಿಗುವುದು ಅಪಾಯಕಾರಿಯಲ್ಲ ಎಂಬ ಭಾವನೆ ಮಕ್ಕಳಲ್ಲಿ ಬೆಳೆಯುವುದಕ್ಕೆ ಇಷ್ಟು ಸಾಕು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿ 2016ರಲ್ಲಿ ವ್ಯಸನ ಮತ್ತು ಎಳೆಯರ ಇ-ಸಿಗರೇಟು ಕುರಿತು ವರದಿಗಳನ್ನು, 2021ರಲ್ಲಿ ಎಳೆಯರ ಮಾನಸಿಕ ಆರೋಗ್ಯದ ಬಗ್ಗೆ ಎಚ್ಚರಿಕೆಯನ್ನು ಹೊರಡಿಸಿದರು. ಊರಿನ ಹೆಮ್ಮೆಗೆ ಅವರ ಹೆಸರು ಸಾಕು, ಮನೆಗೆ ಬೇಕಾದದ್ದು ಆ ಬರಹಗಳು.

ಪ್ರಶ್ನೆ: ಮೊದಲು ಯಾವುದಕ್ಕೆ ಚಿಕಿತ್ಸೆ, ಖಿನ್ನತೆಗೋ ವೇಪ್ ಚಟಕ್ಕೋ?

ಉತ್ತರ: ಎರಡಕ್ಕೂ ಒಟ್ಟಿಗೆ. ಮಕ್ಕಳ ವೈದ್ಯರ ಬಳಿ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇರುತ್ತದೆ. ಒಂಬತ್ತನೆಯದು ಸಾವಿನ ಯೋಚನೆ ಕುರಿತದ್ದು. ಮಾದಕ ವಸ್ತುಗಳಿಗೆ ‘ಕ್ರಾಫ್ಟ್’ ಎಂಬ ಇನ್ನೊಂದು ಪಟ್ಟಿ. ಉತ್ತರಿಸುವಾಗ ತಂದೆತಾಯಿ ಹೊರಗಿದ್ದರೆ ನಿಜ ಬರುವುದು ಹೆಚ್ಚು. ಖಿನ್ನತೆ ಸೌಮ್ಯವಾಗಿದ್ದರೆ ಆಲೋಚನೆ, ವರ್ತನೆ ತಿದ್ದುವ ಸಿಬಿಟಿ ಸಮಾಲೋಚನೆ ಸಾಕಾಗಬಹುದು. ತೀವ್ರವಾದರೆ ಔಷಧವೂ ಬೇಕು: ಖಿನ್ನತೆಗೆ ಫ್ಲೂಆಕ್ಸೆಟಿನ್ 8 ವರ್ಷದಿಂದ, ಎಸ್‌ಸಿಟಾಲೋಪ್ರಾಮ್ 12ರಿಂದ ಅಮೆರಿಕದಲ್ಲಿ ಅನುಮೋದಿತ. ಆರಂಭದ ವಾರಗಳಲ್ಲಿ ಕೆಲವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದಾದ್ದರಿಂದ ನಿಗಾ ಇರಬೇಕು, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಕ್ಯಾಲಿಫೋರ್ನಿಯಾದಲ್ಲಿ 12 ತುಂಬಿದ, ತಿಳಿವಳಿಕೆಯುಳ್ಳ ಮಕ್ಕಳು ತಾವೇ ಒಪ್ಪಿ ಆಪ್ತಸಮಾಲೋಚನೆ ಪಡೆಯಬಹುದು. ಮನಸ್ಸಿನ ಮಾತ್ರೆಗೆ ಹೆತ್ತವರ ಒಪ್ಪಿಗೆ ಬೇಕು.

ಸಾಯುವ ಮಾತು ಬಂದರೆ ಅಮೆರಿಕದ ಸಹಾಯವಾಣಿ 988ಕ್ಕೆ ಕರೆ ಮಾಡಬೇಕು ಅಥವಾ ಸಂದೇಶ ಕಳಿಸಬೇಕು, ಮಗುವನ್ನು ಒಂಟಿ ಬಿಡಬಾರದು, ಅಜ್ಜಿ ಊರಿನಿಂದ ತಂದ ಮಾತ್ರೆಗಳ ಡಬ್ಬವನ್ನೂ ಬೀಗದೊಳಗೆ ಇಡಬೇಕು.