ಎಚ್ಚರವಿರುವ ರೋಗಿಯ ಪಕ್ಕದಲ್ಲಿ

ಬಾಯಿ ಮತ್ತು ಮುಖದ ಶಸ್ತ್ರಕ್ರಿಯೆಗೆಂದು ಬರುವ ವೃದ್ಧರಲ್ಲಿ, ಪೂರ್ಣ ಅರಿವಳಿಕೆಯ ಭಾರವನ್ನು ಹೃದಯವಾಗಲಿ ಶ್ವಾಸಕೋಶವಾಗಲಿ ತಾಳಲಾರದವರು ಕೆಲವರಿರುತ್ತಾರೆ. ಅಂಥವರಲ್ಲಿ ಶಸ್ತ್ರ ತಾಗುವ ಭಾಗದ ನರವನ್ನು ಮಾತ್ರ ಮರಗಟ್ಟಿಸಿ ಉಳಿದ ದೇಹವನ್ನು ಅದರ ಪಾಡಿಗೆ ಬಿಡುವ ಪ್ರಾದೇಶಿಕ ಅರಿವಳಿಕೆಯೇ ಅನೇಕ ವೇಳೆ ಕ್ಷೇಮಕರವಾದ ಮಾರ್ಗ. ಇದನ್ನು ಸಣ್ಣ ಕೆಲಸವೆಂದು ಭಾವಿಸುವವರು ನಮ್ಮ ವೃತ್ತಿಯಲ್ಲಿಯೂ ಉಂಟು. ಆದರೆ ಎಚ್ಚರವಿರುವ ರೋಗಿಯು ವೈದ್ಯನಿಂದ ಬಯಸುವ ಮಾತೂ ತಾಳ್ಮೆಯೂ ನಿದ್ರಿಸುವವನು ಬಯಸುವುದಕ್ಕಿಂತ ಬಹಳ ಹೆಚ್ಚೆಂಬುದು ನನಗೆ ಅನುಭವದಿಂದ ತಿಳಿದಿದೆ.

ಕೆಳದುಟಿಯ ಅರ್ಬುದಕ್ಕೆಂದು ಬಂದಿದ್ದ, ಎಂಬತ್ತು ದಾಟಿದ ಅಜ್ಜಿಯೊಬ್ಬರನ್ನು ಇಲ್ಲಿ ನೆನೆಯಬೇಕು. ಜೀವಮಾನವೆಲ್ಲ ತುಟಿಯ ಒಳಗೆ ಹೊಗೆಸೊಪ್ಪು ಇಟ್ಟುಕೊಂಡವರು. ಒಲೆಯ ಹೊಗೆಗೆ ಶ್ವಾಸಕೋಶ ಸೋತಿತ್ತು. ಹೃದಯದ ಬಲವೂ ಕುಗ್ಗಿ, ರಾತ್ರಿಯೆಲ್ಲ ಗೋಡೆಗೆ ಒರಗಿ ಕುಳಿತೇ ನಿದ್ರಿಸುತ್ತಿದ್ದರು. ಅಂಗಾತ ಮಲಗಲಾರದವರ ಗಂಟಲಿಗೆ ನಳಿಕೆಯಿಳಿಸಿ, ಬಳಿಕ ಅದನ್ನು ತೆಗೆಯಲಾದೀತೋ ಇಲ್ಲವೋ ಎಂದು ಶಂಕಿಸುತ್ತ ಕೂರುವುದಕ್ಕಿಂತ, ಮೇಜಿನ ತಲೆಯ ಕಡೆಯನ್ನು ಎತ್ತರಿಸಿ, ಗದ್ದದ ಎರಡು ಪಕ್ಕದ ನರಗಳನ್ನು ಜಡಗೊಳಿಸುವುದೇ ಲೇಸೆಂದು ಶಸ್ತ್ರವೈದ್ಯರೂ ನಾನೂ ನಿಶ್ಚಯಿಸಿದೆವು.

ಮುಖದ ಸ್ಪರ್ಶಜ್ಞಾನವು ಬಹುಮಟ್ಟಿಗೆ ಐದನೆಯ ಕಪಾಲನರದ ಮೂರು ಶಾಖೆಗಳಿಗೆ ಸೇರಿದುದು. ಅದರ ಗದ್ದದ ಕವಲು ಹೊರಬರುವ ರಂಧ್ರವನ್ನು ಪಠ್ಯಪುಸ್ತಕವು ಹಲ್ಲುಗಳ ಬೇರಿನ ಕೆಳಗೆ ತೋರಿಸುತ್ತದೆ. ಅಜ್ಜಿಗೆ ಹಲ್ಲುಗಳೇ ಇರಲಿಲ್ಲ. ಹಲ್ಲುದುರಿದ ದವಡೆಯ ಮೂಳೆ ವರ್ಷಗಳು ಕಳೆದಂತೆ ಸವೆದು ತಗ್ಗುವುದರಿಂದ ಆ ರಂಧ್ರವು ಒಸಡಿನ ದಿಣ್ಣೆಯ ಸಮೀಪಕ್ಕೆ, ಕೆಲವರಲ್ಲಿ ಅದರ ಮೇಲಕ್ಕೇ, ಬಂದಿರುತ್ತದೆ. ನಾನು ಬೆರಳಿನಿಂದ ಒತ್ತಿ ಹುಡುಕುತ್ತಿದ್ದಾಗ ಅಜ್ಜಿಯೇ, “ಅಲ್ಲೇ ಕಣಪ್ಪಾ, ಅಲ್ಲಿ ಚುಳುಕ್ ಅಂತದೆ” ಎಂದರು. ಸೂಜಿಯನ್ನು ರಂಧ್ರದೊಳಕ್ಕೆ ತೂರಿಸದೆ ಅದರ ಬಳಿಯಲ್ಲಿಯೇ ನಿಲ್ಲಿಸಿ ಔಷಧವನ್ನು ಬಿಟ್ಟೆನು.

ಔಷಧದ ಲೆಕ್ಕದಲ್ಲಿ ಉದಾರತೆ ಸಲ್ಲದು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಸಿದ್ಧಪಡಿಸಿದ ಲಿಗ್ನೋಕೇನನ್ನೇ ನಾವು ಇಂದಿಗೂ ಬಳಸುತ್ತೇವೆ. ಶೇಕಡಾ 2ರ ದ್ರಾವಣದ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಔಷಧವಿರುವುದರಿಂದಲೂ, ಅಡ್ರಿನಲಿನ್ ಬೆರೆಸದಿದ್ದರೆ ದೇಹತೂಕದ ಕಿಲೋ ಒಂದಕ್ಕೆ 4.5 ಮಿಲಿಗ್ರಾಮೇ ಮಿತಿಯಾದುದರಿಂದಲೂ, 40 ಕಿಲೋ ತೂಗುವ ಮುದುಕಿಗೆ 9 ಮಿಲಿಲೀಟರೇ ಕಟ್ಟಕಡೆಯ ಎಲ್ಲೆ. ಮುಖದಲ್ಲಿ ರಕ್ತನಾಳಗಳು ಹೇರಳ. ಪ್ರತಿಸಲವೂ ಸಿರಿಂಜನ್ನು ಹಿಂದಕ್ಕೆ ಎಳೆದು, ರಕ್ತ ಬಾರದೆಂದು ನೋಡಿಕೊಂಡೇ ನಿಧಾನವಾಗಿ ಒತ್ತಬೇಕು. ಇಲ್ಲೊಂದು ಸೂಕ್ಷ್ಮವಿದೆ. ಔಷಧವು ರಕ್ತದಲ್ಲಿ ಮಿತಿಮೀರಿದಾಗ ಮೊದಮೊದಲು ಕಾಣುವ ಲಕ್ಷಣಗಳಲ್ಲಿ ತುಟಿಯ ಸುತ್ತಣ ಜೋಮೂ ಒಂದು; ತುಟಿಯನ್ನೇ ಮರಗಟ್ಟಿಸುವಲ್ಲಿ ಆ ಎಚ್ಚರಿಕೆ ನಿಷ್ಪ್ರಯೋಜಕ. ಆದಕಾರಣ ಕಿವಿಯಲ್ಲಿ ಗುಂಯ್‌ಗುಡುತ್ತಿದೆಯೇ, ತಲೆ ಸುತ್ತುತ್ತಿದೆಯೇ ಎಂದು ಕೇಳುತ್ತಲೇ ಇರಬೇಕು. ಉತ್ತರ ತೊದಲುತ್ತಿದೆಯೇ ಎಂದು ಕಿವಿಗೊಡಬೇಕು.

ಭಯ ನಿವಾರಣೆಗೆಂದು ಕೊಡುವ ಮಿಡಜೋಲಾಮ್ ವೃದ್ಧರಲ್ಲಿ ಉಸಿರನ್ನು ಕುಗ್ಗಿಸಿ ಬುದ್ಧಿಯನ್ನು ಕದಡಬಲ್ಲುದಾದ್ದರಿಂದ ಅಜ್ಜಿಗೆ ಅದನ್ನು ಕೊಡಲಿಲ್ಲ. ಅವರ ಊರಿನ, ಮೊಮ್ಮಕ್ಕಳ ಮಾತೇ ಅದರ ಕೆಲಸವನ್ನು ಮಾಡಿತು. ಉಸಿರಾಟಕ್ಕೆ ನೆರವಾಗಲೆಂದು ಕೊಡುವ ಆಮ್ಲಜನಕವು ಮುಖಕ್ಕೆ ಹೊದಿಸಿದ ಬಟ್ಟೆಯ ಮರೆಯಲ್ಲಿ ಶೇಖರವಾದರೆ ರಕ್ತಸ್ರಾವ ನಿಲ್ಲಿಸುವ ವಿದ್ಯುತ್ ಉಪಕರಣದ ಕಿಡಿಯೊಂದೇ ಮುಖದ ಬಳಿ ಬೆಂಕಿ ಹೊತ್ತಿಸಲು ಸಾಕು. ಅದನ್ನು ಬಳಸುವ ಮುನ್ನ ಶಸ್ತ್ರವೈದ್ಯರು ನನಗೆ ಹೇಳುವುದು, ನಾನು ಆಮ್ಲಜನಕವನ್ನು ತಗ್ಗಿಸುವುದು, ಇದು ನಮ್ಮೊಳಗಿನ ಕಟ್ಟುನಿಟ್ಟಾದ ಒಪ್ಪಂದ.

ಎಲ್ಲರಿಗೂ ಈ ಮಾರ್ಗ ಒಪ್ಪುವುದಿಲ್ಲ. ಕುತ್ತಿಗೆಯ ಗಂಟುಗಳನ್ನೂ ತೆಗೆಯಬೇಕಾದ ದೀರ್ಘ ಶಸ್ತ್ರಕ್ರಿಯೆಗೆ ಪೂರ್ಣ ಅರಿವಳಿಕೆಯೇ ಬೇಕು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರಲ್ಲಿ ಆಳದ ನರಗಳತ್ತ ಸೂಜಿಯನ್ನು ಒಯ್ಯಲು ಹಿಂಜರಿಯಬೇಕು. ಮರೆವಿನ ರೋಗದಿಂದ ಸುಮ್ಮನೆ ಮಲಗಲಾರದವರನ್ನು ಎಚ್ಚರದಲ್ಲಿರಿಸುವುದು ಹಿಂಸೆ. ಆದಕಾರಣ ಹಿಂದಿನ ದಿನ ಸಂಜೆ ಹಾಸಿಗೆಯ ಬಳಿ ಕುಳಿತು, ನನ್ನ ಮಾತು ಕೇಳಿಸುವುದೇ, ಒಂದು ಗಂಟೆ ಅಲುಗದಿರಬಲ್ಲರೇ ಎಂದು ನಾನೇ ವಿಚಾರಿಸುತ್ತೇನೆ. ಕಿವಿ ಮಂದವಾದವರ ಶ್ರವಣಯಂತ್ರವನ್ನು ವಾರ್ಡಿನಲ್ಲಿ ತೆಗೆದಿರಿಸದೆ ಶಸ್ತ್ರಾಗಾರದವರೆಗೂ ಬರಗೊಡಬೇಕೆಂದು ದಾದಿಯರಿಗೆ ಬರೆದಿಟ್ಟು ಬರುತ್ತೇನೆ.