ವಾಲಿದ ಶಂಕು ಮತ್ತು ಇಲೆಕ್ಟ್ರಾನಿನ ಓರೆನಡೆ

ಮಸೂರವೆಂದರೆ ಸಂಸ್ಕೃತದಲ್ಲಿ ಚನ್ನಂಗಿ ಬೇಳೆ. ಬೆಳಕನ್ನು ಬಾಗಿಸುವ ಗಾಜಿಗೆ ಆ ಹೆಸರು ಬಂದುದು ಆಕಾರಸಾಮ್ಯದಿಂದ. ಲ್ಯಾಟಿನ್ನಿನ ‘ಲೆನ್ಸ್’ ಶಬ್ದದ ಮೂಲಾರ್ಥವೂ ಆ ಧಾನ್ಯವೇ. ಈಚೆಗೆ ಭೌತವಿಜ್ಞಾನಿಗಳು ಗಾಜೂ ಇಲ್ಲದ, ಬೇಳೆಯ ಆಕಾರವೂ ಇಲ್ಲದ ಮಸೂರವೊಂದನ್ನು ಯೋಜಿಸಿದ್ದಾರೆ. ಅದರಲ್ಲಿ ಬಾಗುವುದು ಇಲೆಕ್ಟ್ರಾನುಗಳ ಪ್ರವಾಹ. ಶಬ್ದಾರ್ಥವಿಚಾರವೇ ವೃತ್ತಿಯಾದ ನನ್ನಂಥವನು ಈ ವಿಷಯಕ್ಕೆ ಕೈಹಾಕಲು ಕಾರಣವುಂಟು: ನಮ್ಮ ಪಾಠಗಳಲ್ಲಿ ಜೋಡಿಯಾಗಿಯೇ ಬರುವ ‘ವೇಗ’, ‘ಸಂವೇಗ’ ಎಂಬೆರಡು ಪದಗಳು ಇಲ್ಲಿ ಬೇರೆಬೇರೆ ದಾರಿ ಹಿಡಿಯುತ್ತವೆ.

ಸೀಸದಕಡ್ಡಿಯಲ್ಲಿ ಸೀಸವಿಲ್ಲವೆಂಬುದು ಅಧ್ಯಾಪಕರೆಲ್ಲರಿಗೂ ವಿದಿತವೇ. ಅದರಲ್ಲಿರುವುದು ಪದರಪದರವಾದ ಇಂಗಾಲ, ಅಂದರೆ ಗ್ರಾಫೈಟ್. ಅದರ ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆಯನ್ನು 2004ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಎಂಬ ವಿದ್ವಾಂಸರು ಅಂಟುಪಟ್ಟಿಯಿಂದ ಕಿತ್ತು ಬೇರ್ಪಡಿಸಿದರು. 2010ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಗ್ರಾಫೀನ್ ಎಂಬ ಈ ಹಾಳೆಯಲ್ಲಿ ಇಲೆಕ್ಟ್ರಾನುಗಳು ದ್ರವ್ಯರಾಶಿಯೇ ಇಲ್ಲವೆಂಬಂತೆ, ಬೆಳಕಿನ ವೇಗದ ಸುಮಾರು 300ರಲ್ಲಿ ಒಂದು ಪಾಲು ವೇಗದಿಂದ ಚಲಿಸುತ್ತವೆ. ಅವುಗಳ ಶಕ್ತಿಯನ್ನು ಸಂವೇಗಕ್ಕೆ ಎದುರಾಗಿ ಗುರುತಿಸಿ ಚಿತ್ರ ಬರೆದರೆ ತುದಿಗೆ ತುದಿ ತಾಗಿದ ಎರಡು ಶಂಕುಗಳು, ಡಮರುವಿನ ಆಕೃತಿಯಲ್ಲಿ, ಮೂಡುತ್ತವೆ. 1928ರಲ್ಲಿ ಡಿರಾಕ್ ರಚಿಸಿದ ಸಮೀಕರಣದ ಹೋಲಿಕೆಯಿಂದ ಇವುಗಳಿಗೆ ಡಿರಾಕ್ ಶಂಕುಗಳೆಂದು ಹೆಸರು. ಈ ಶಂಕು ಹಾಳೆಯ ಮೇಲೆ ಎಲ್ಲಿಯೂ ಕಾಣಸಿಗುವ ವಸ್ತುವಲ್ಲ, ಲೆಕ್ಕದ ಚಿತ್ರ ಮಾತ್ರ. ಶಂಕುವಿನ ಇಳಿಜಾರೇ ಇಲೆಕ್ಟ್ರಾನಿನ ವೇಗವನ್ನು ಹೇಳುತ್ತದೆ.

ಹಾಳೆಯ ಒಂದು ಭಾಗದಲ್ಲಿ ಇಲೆಕ್ಟ್ರಾನು ಮೇಲಿನ ಶಂಕುವಿನಲ್ಲಿಯೂ, ಪಕ್ಕದ ಭಾಗದಲ್ಲಿ ಕೆಳಗಿನ ಶಂಕುವಿನಲ್ಲಿಯೂ ಇರುವಂತೆ ವಿದ್ಯುತ್ ಒತ್ತಡವನ್ನು ಹೊಂದಿಸಬಹುದು. ಆ ಗಡಿಯನ್ನು ದಾಟುವಾಗ ವಕ್ರೀಭವನವಾಗುತ್ತದೆ. ಆದರೆ ಗಾಜಿನಲ್ಲಿ ಆಗುವಂತಲ್ಲ. ಲಂಬರೇಖೆಯ ಯಾವ ಮಗ್ಗುಲಿನಿಂದ ಕಿರಣ ಬಂದಿತೋ ಅದೇ ಮಗ್ಗುಲಿಗೆ ಅದು ಮರಳಿ ಬಾಗುತ್ತದೆ. ಬೆಳಕಿಗೆ ಇಂಥ ಋಣವಕ್ರೀಭವನ ಸಾಧ್ಯವೆಂದು 1960ರ ದಶಕದಲ್ಲಿ ರಷ್ಯದ ವೆಸೆಲಾಗೊ ತರ್ಕಿಸಿದ್ದರು. 2007ರಲ್ಲಿ ಚೆಯಾನೊವ್, ಫಾಲ್ಕೊ, ಆಲ್ಟ್‌ಶುಲರ್ ಎಂಬವರು ಗ್ರಾಫೀನಿನ ಸಪಾಟಾದ ಗಡಿಯೇ ಚದರಿದ ಇಲೆಕ್ಟ್ರಾನುಗಳನ್ನು ಮತ್ತೆ ಒಂದೆಡೆ ಕೂಡಿಸುವ ಮಸೂರವಾಗಬಲ್ಲುದೆಂದು ಗಣಿಸಿದರು. 2015 ಮತ್ತು 2016ರಲ್ಲಿ ಋಣವಕ್ರೀಭವನವನ್ನು ಪ್ರಯೋಗಗಳಲ್ಲಿ ಕಂಡದ್ದೂ ಆಯಿತು. ಇನ್ನೊಂದು ವಿಚಿತ್ರವುಂಟು. ಗಡಿಗೆ ಲಂಬವಾಗಿ ಬಂದ ಇಲೆಕ್ಟ್ರಾನು ಸ್ವಲ್ಪವೂ ಪ್ರತಿಫಲಿಸದೆ ಪೂರ್ಣವಾಗಿ ಆಚೆಗೆ ಹೋಗುತ್ತದೆ. 1929ರಲ್ಲಿ ಕ್ಲೈನ್ ಕಂಡ ಗಣಿತದ ಒಗಟಿನ ರೂಪಾಂತರವಿದು.

ಇಷ್ಟೂ ಡಮರು ನೆಟ್ಟಗೆ ನಿಂತಾಗಿನ ಮಾತು. ಅದು ಒಂದು ಕಡೆಗೆ ವಾಲಿದರೆ?

ತುಂಬಿದ ಹೊಳೆಯನ್ನು ಹರಿಗೋಲಿನಲ್ಲಿ ದಾಟಿದವರು ಬಲ್ಲರು: ಅಂಬಿಗನು ಎದುರುದಡಕ್ಕೆ ನೇರವಾಗಿಯೇ ಹುಟ್ಟು ಹಾಕಿದರೂ ಹರಿಗೋಲು ಓರೆಯಾಗಿ ಸಾಗಿ ಕೆಳಗಣ ಘಟ್ಟಕ್ಕೆ ಸೇರುತ್ತದೆ. ವಾಲಿದ ಶಂಕುವಿನ ಗಣಿತವೂ ಅಕ್ಷರಶಃ ಹೀಗೆಯೇ ಇದೆ. ಇಲೆಕ್ಟ್ರಾನಿನ ಸ್ವಂತ ವೇಗಕ್ಕೆ ವಾಲಿಕೆಯು ಒಂದು ಸ್ಥಿರವಾದ ವೇಗವನ್ನು ಕೂಡಿಸುತ್ತದೆ. ಹುಟ್ಟು ಹಾಕುವ ದಿಕ್ಕು ಸಂವೇಗ. ಹರಿಗೋಲು ಸಾಗುವ ದಿಕ್ಕು ವೇಗ. ವಾಲಿಕೆಯು ಗಡಿಗುಂಟ ಇದ್ದರೆ, ತಡೆಯಿಲ್ಲದೆ ದಾಟುವ ಇಲೆಕ್ಟ್ರಾನು ಸಂವೇಗದಲ್ಲಿ ಗಡಿಗೆ ಲಂಬವಾಗಿದ್ದು, ನಡೆಯಲ್ಲಿ ಓರೆಯಾಗಿರುತ್ತದೆ. ನೇರವಾಗಿ ನಡೆದು ಬಂದುದಕ್ಕೆ ಆ ಭಾಗ್ಯವಿಲ್ಲ. ಅದು ಸ್ವಲ್ಪಮಟ್ಟಿಗೆ ಪ್ರತಿಫಲಿಸುತ್ತದೆ.

ಇದನ್ನು ತರಗತಿಯಲ್ಲಿ ಹೇಗೆ ತೋರಿಸುವುದು? ಗ್ರಾಫೀನು ನಮ್ಮ ಪ್ರಯೋಗಶಾಲೆಯ ಸರಕಲ್ಲ. ಆದರೆ 1669ರಲ್ಲಿ ಡೆನ್ಮಾರ್ಕಿನ ಬಾರ್ತೊಲಿನ್ ವರ್ಣಿಸಿದ ಐಸ್‌ಲೆಂಡ್ ಸ್ಫಟಿಕದ ಒಂದು ತುಣುಕು ಸಾಕು. ಅದನ್ನು ಕಾಗದದ ಮೇಲಿನ ಚುಕ್ಕೆಯ ಮೇಲಿಟ್ಟು ನೇರವಾಗಿ ಮೇಲಿನಿಂದ ನೋಡಿದರೆ ಚುಕ್ಕೆ ಎರಡಾಗುತ್ತದೆ. ಸ್ಫಟಿಕವನ್ನು ತಿರುಗಿಸಿದರೆ ಒಂದು ಚುಕ್ಕೆ ನಿಂತಲ್ಲೇ ನಿಲ್ಲುತ್ತದೆ, ಇನ್ನೊಂದು ಅದರ ಸುತ್ತ ಪ್ರದಕ್ಷಿಣೆ ಬರುತ್ತದೆ. ಆ ಎರಡನೆಯ ಕಿರಣದಲ್ಲಿ ಅಲೆಯ ಮುಖವು ಒಂದು ಕಡೆಗೆ, ಬೆಳಕು ಸಾಗುವುದು ಇನ್ನೊಂದು ಕಡೆಗೆ. ವಾಲಿದ ಶಂಕುವಿನ ಇಲೆಕ್ಟ್ರಾನು ಇದರ ಹತ್ತಿರದ ದಾಯಾದಿಯೆನ್ನಬಹುದು.

ಈ ದಾಯಾದಿತ್ವ ಇನ್ನೂ ಮುಂದಕ್ಕೆ ಹೋಗುತ್ತದೆ. ಇಂಥ ಹಾಳೆಗಳಲ್ಲಿ ಶಂಕುಗಳು ಜೋಡಿಯಾಗಿರುತ್ತವೆ. ಒಂದು ಎಡಕ್ಕೆ ವಾಲಿದರೆ ಜೊತೆಯದು ಬಲಕ್ಕೆ. ಆದುದರಿಂದ ಒಂದೇ ಬಿಂದುವಿನಿಂದ ಹೊರಟ ಪ್ರವಾಹವನ್ನು ವೆಸೆಲಾಗೊ ಮಸೂರವು ಒಂದು ನಾಭಿಯಲ್ಲಿ ಕೂಡಿಸಲಾರದು. ಜೋಡಿಯ ಒಂದೊಂದು ಶಂಕುವಿನ ಇಲೆಕ್ಟ್ರಾನುಗಳೂ ತಂತಮ್ಮ ವಾಲಿಕೆಯ ಕಡೆಗೆ ಸರಿದು ಬೇರೆಬೇರೆಯಾಗಿ ಕೂಡುತ್ತವೆ. ದೋಷವೆಂದು ತೋರುವ ಇದನ್ನೇ ವಿಜ್ಞಾನಿಗಳು ಗುಣವೆಂದು ಎಣಿಸುತ್ತಾರೆ. ಎರಡು ಬಗೆಯ ಇಲೆಕ್ಟ್ರಾನುಗಳನ್ನು ಮೊರದಲ್ಲಿ ಕೇರಿದಂತೆ ಬೇರ್ಪಡಿಸಲು ಇದರಿಂದ ದಾರಿಯಾಗುತ್ತದೆ.

ವಾಲಿಕೆ ಬರಿಯ ಕಲ್ಪನೆಯಲ್ಲ. ಅಧಿಕ ಒತ್ತಡಕ್ಕೆ ಒಳಪಡಿಸಿದ ಒಂದು ಸಾವಯವ ಅಯೊಡೈಡ್ ಲವಣದ ಪದರಗಳಲ್ಲಿ ಇಂಥ ಶಂಕುಗಳಿವೆಯೆಂದು 2006ರಲ್ಲಿ ಜಪಾನಿನ ಕತಾಯಾಮ, ಕೊಬಯಾಶಿ, ಸುಜುಮುರ ಲೆಕ್ಕದಿಂದ ತೋರಿಸಿದರು. ಬೋರಾನಿನ ಹಾಳೆಯ ಒಂದು ವಿಶಿಷ್ಟ ರಚನೆಗೂ ಗಣಿತವು ಅದನ್ನೇ ನುಡಿಯುತ್ತದೆ.

ಹೊಳೆಯ ಸೆಳೆತವು ಅಂಬಿಗನ ಬಲವನ್ನು ಮೀರಿದರೆ ಏನಾಗುವುದೆಂದು ಚುರುಕಾದ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಅದಕ್ಕೂ ಉತ್ತರವಿದೆ. ಶಂಕುವು ಅತಿಯಾಗಿ ವಾಲಿ ಅದರ ಒಂದು ಮಗ್ಗುಲು ಸಮತಲಕ್ಕಿಂತ ಕೆಳಗೆ ಇಳಿಯುತ್ತದೆ. ಆಗ ಇಲೆಕ್ಟ್ರಾನಿನ ಸಂವೇಗ ಎತ್ತ ಮುಖ ಮಾಡಿದರೂ, ಅದರ ನಡೆ ಮಾತ್ರ ಹೊಳೆ ಹರಿಯುವ ಕಡೆಗೇ.