ಆ ಕೈಗಳ ಮೇಲೆ ಕಣ್ಣಿಡಿ

1919ರ ಮಾಂಟೆಗು-ಚೆಮ್ಸ್‌ಫರ್ಡ್ ಸುಧಾರಣೆಯನ್ನು ಶಾಲೆಯಲ್ಲಿ ಉರು ಹೊಡೆದಿರುತ್ತೀರಿ. ಆ ವೈಸರಾಯ್ ಚೆಮ್ಸ್‌ಫರ್ಡ್‌ಗೆ ಒಬ್ಬ ಚಿಕ್ಕಪ್ಪನ ಮಗನಿದ್ದ, ಅರ್ನೆಸ್ಟ್ ಥೆಸಿಜರ್. ಮನೆತನದವರು ಕೋರ್ಟು, ಪಾರ್ಲಿಮೆಂಟು, ಸೈನ್ಯ ಎಂದು ಹೋದರೆ ಈತ ಬಣ್ಣ ಹಿಡಿದ. ಮೊದಲು ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಕ್ಯಾನ್ವಾಸಿಗೆ ಹಚ್ಚಿದ. ಅದು ಕೈಹತ್ತದೆ 1909ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಮುಖಕ್ಕೆ ಹಚ್ಚಿದ.

ಥೆಸಿಜರ್‌ನನ್ನು ಮೊದಲ ಸಲ ನೋಡುವವರಿಗೆ ನಾನು ಹೇಳುವುದು ಇಷ್ಟೇ: ಮುಖ ಹೇಗೂ ಕಣ್ಣಿಗೆ ಬೀಳುತ್ತದೆ, ಗಿಡುಗನ ಕೊಕ್ಕಿನಂಥ ಮೂಗು, ಒಣಕಲು ಕೆನ್ನೆ. ನೀವು ಕೈಗಳನ್ನು ನೋಡಿ.

ಆ ಕೈಗಳಿಗೊಂದು ಕಥೆಯಿದೆ. 1914ರಲ್ಲಿ ಯುದ್ಧ ಶುರುವಾದಾಗ ಈತ ಸಾಮಾನ್ಯ ಸಿಪಾಯಿಯಾಗಿ ಸೇರಿದ. ಫ್ರಾನ್ಸಿನ ರಣರಂಗದಿಂದ ಕೈಗಳಿಗೆ ಗಾಯ ಮಾಡಿಕೊಂಡು ಮರಳಿದ. ಮರಳಿ ಹಿಡಿದದ್ದು ಸೂಜಿಯನ್ನು! ಕಸೂತಿಯ ಹುಚ್ಚು ಈತನಿಗೆ ಎಷ್ಟಿತ್ತೆಂದರೆ, ಅಂಗವಿಕಲ ಸೈನಿಕರಿಗೆ ಆ ಕಸುಬು ಹಿಡಿಸುವ ಕೆಲಸಕ್ಕೂ ಕೈಹಾಕಿದ. 1941ರಲ್ಲಿ ಕಸೂತಿಯ ಬಗ್ಗೆಯೇ ಪುಸ್ತಕ ಬರೆದ.

ರಂಗದ ಮೇಲೆ ಹೆಸರು ತಂದದ್ದು 1915ರ ‘ಎ ಲಿಟಲ್ ಬಿಟ್ ಆಫ್ ಫ್ಲಫ್’ ಎಂಬ ನಗೆನಾಟಕ. ಲಂಡನ್ನಿನಲ್ಲಿ ಅದು 1,200ಕ್ಕೂ ಹೆಚ್ಚು ಪ್ರದರ್ಶನ ಕಂಡಿತು. 1924ರಲ್ಲಿ ಬರ್ನಾರ್ಡ್ ಷಾ ಅವರ ‘ಸೇಂಟ್ ಜೋನ್’ ಲಂಡನ್ನಿಗೆ ಬಂದಾಗ ಸಿಬಿಲ್ ಥಾರ್ನ್‌ಡೈಕ್ ಜೋನ್ ಆದರೆ, ಥೆಸಿಜರ್ ಅಳುಬುರುಕ ಯುವರಾಜನಾದ. ನಾಟಕಗಳು ಕಾಲದೊಂದಿಗೆ ಹೋದವು. ನಮಗೆ ಉಳಿದಿರುವುದು ಸಿನಿಮಾ.

ಮೂಕಿ ಚಿತ್ರಗಳಲ್ಲಿ ಆಗಲೇ ಕಾಣಿಸಿಕೊಂಡಿದ್ದರೂ ಈತನನ್ನು ಸರಿಯಾಗಿ ಬಳಸಿಕೊಂಡವನು ಹಾಲಿವುಡ್ಡಿಗೆ ಹೋಗಿದ್ದ ಇಂಗ್ಲಿಷ್ ನಿರ್ದೇಶಕ ಜೇಮ್ಸ್ ವೇಲ್. 1932ರ ‘ದಿ ಓಲ್ಡ್ ಡಾರ್ಕ್ ಹೌಸ್’ನಲ್ಲಿ ಥೆಸಿಜರ್ ಪಾಳುಬಂಗಲೆಯ ಯಜಮಾನ. ಮಳೆಯಲ್ಲಿ ತೊಯ್ದು ಬಂದ ಅತಿಥಿಗಳೆದುರು ಹೂವಿನ ಗೊಂಚಲು ಎತ್ತಿಕೊಂಡು, ಇದನ್ನು ನನ್ನ ತಂಗಿ ಜೋಡಿಸಿಡುವವಳಿದ್ದಳು ಅನ್ನುತ್ತಾನೆ. ಅಂದವನೇ ಬೆಂಕಿಗೆ ಹಾಕುತ್ತಾನೆ. ಆ ಮನೆ ಎಂಥದ್ದೆಂದು ತಿಳಿಯಲು ಬೇರೆ ವಿವರಣೆ ಬೇಕೆ?

ಮೂರು ವರ್ಷದ ನಂತರ ಬಂದ ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’ ಚಿತ್ರದ ಡಾಕ್ಟರ್ ಪ್ರಿಟೋರಿಯಸ್ ಈತನ ಮೇರು ಪಾತ್ರ. ಗಾಜಿನ ಭರಣಿಗಳಲ್ಲಿ ಗೇಣುದ್ದದ ಮನುಷ್ಯರನ್ನು ಬೆಳೆಸಿಟ್ಟುಕೊಂಡಿರುವ ವಿಜ್ಞಾನಿ. ಒಂದು ಭರಣಿಯಲ್ಲಿ ರಾಜ, ಇನ್ನೊಂದರಲ್ಲಿ ರಾಣಿ. ರಾಜ ಭರಣಿ ಹತ್ತಿ ಇಳಿದು ರಾಣಿಯತ್ತ ಓಡುತ್ತಾನೆ. ಪ್ರಿಟೋರಿಯಸ್ ಸಿಟ್ಟಾಗುವುದಿಲ್ಲ, ಚಿಮಟದಿಂದ, ಬೆಕ್ಕಿನ ಮರಿ ಎತ್ತುವ ಹಾಗೆ, ಎತ್ತಿ ಒಳಗಿಡುತ್ತಾನೆ. ದಾರ ಪೋಣಿಸುವವನ ತಾಳ್ಮೆ ಅದು. ಬೇರೆ ನಟನಾಗಿದ್ದರೆ ಇಲ್ಲಿ ಕಣ್ಣರಳಿಸಿ ಹೆದರಿಸುತ್ತಿದ್ದ. ಈ ಚಿತ್ರದಲ್ಲಿ ಫ್ರಾಂಕನ್‌ಸ್ಟೈನ್‌ನ ರಾಕ್ಷಸನಿಗಿಂತ ಪ್ರಿಟೋರಿಯಸನೇ ಭಯ ಹುಟ್ಟಿಸುತ್ತಾನೆ ಎಂಬುದು ನನ್ನ ಮತ.

ಮುಂದೆ ಪಾತ್ರಗಳು ಬರುತ್ತಲೇ ಇದ್ದವು, ಹೆಚ್ಚಿನವು ಚಿಕ್ಕವು. 1951ರ ‘ದಿ ಮ್ಯಾನ್ ಇನ್ ದಿ ವೈಟ್ ಸೂಟ್’ನಲ್ಲಿ ಎಲ್ಲರೂ ಹೆದರುವ ಮುದಿ ಗಿರಣಿ ಧಣಿ, 1953ರ ‘ದಿ ರೋಬ್’ನಲ್ಲಿ ರೋಮಿನ ಚಕ್ರವರ್ತಿ. ಎಂಬತ್ತು ದಾಟಿದ ಮೇಲೂ ಕ್ಯಾಮೆರಾದ ಮುಂದೆ ನಿಂತ ಥೆಸಿಜರ್ ತೀರಿಕೊಂಡದ್ದು 1961ರ ಜನವರಿ 14ರಂದು. ಮಾರನೆಯ ದಿನ ಹುಟ್ಟುಹಬ್ಬವಿತ್ತು.